ಹದ: ಒಂದು ಪಾರಿಭಾಷಿಕ ಪದದ ಅರ್ಥವ್ಯಾಪ್ತಿ

ಹದ ಎಂಬುದು, ಒಂದು ವಸ್ತು ತನ್ನ ಮೇಲೆ ನಡೆಯಬೇಕಾದ ಮುಂದಿನ ಕೆಲಸಕ್ಕೆ ಸರಿಯಾಗಿ ಒದಗುವ ಸ್ಥಿತಿಯನ್ನು ಸೂಚಿಸುವ ಕನ್ನಡದ ಪಾರಿಭಾಷಿಕ ಪದ. ಬಿತ್ತನೆಗೆ ಬಂದ ನೆಲ, ತಿಗರಿಗೆ ಏರಿಸಬಹುದಾದ ಜೇಡಿ, ಅಚ್ಚಿಗೆ ತಕ್ಕ ಮರಳು, ಅಲಗು ನಿಲ್ಲುವ ಉಕ್ಕು, ಕೊಳೆಯದೆ ಉಳಿಯುವ ಚರ್ಮ, ಉಂಡೆ ಕಟ್ಟಬಲ್ಲ ಪಾಕ, ಇವೆಲ್ಲವುಗಳ ವಿಷಯದಲ್ಲಿಯೂ ಇದೇ ಪದ ಬಳಕೆಯಾಗುತ್ತದೆ. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕುಗಳನ್ನು ಒಳಗೊಂಡ ಸೀಮೆಯಲ್ಲಿ ಬೇಸಾಯ, ಕುಂಬಾರಿಕೆ, ಎರಕದ ಉದ್ಯಮ, ಸಿಹಿತಿಂಡಿಯ ತಯಾರಿಕೆ ಮುಂತಾದ ಕಸುಬುಗಳು ಒಂದರ ಪಕ್ಕದಲ್ಲೊಂದು ಬೆಳೆದಿರುವುದರಿಂದ, ಈ ಪದದ ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡಲು ಆ ಸೀಮೆ ವಿಶೇಷವಾಗಿ ಅನುಕೂಲವಾಗಿದೆ. ಮೇಲುನೋಟಕ್ಕೆ ಹದ ಸಡಿಲವಾದ ಆಡುಮಾತಿನಂತೆ ತೋರಿದರೂ, ಪ್ರತಿಯೊಂದು ಕಸುಬಿನಲ್ಲಿಯೂ ಅದಕ್ಕೆ ನಿರ್ದಿಷ್ಟವಾದ ಲಕ್ಷಣ, ಅದನ್ನು ಗುರುತಿಸುವ ಪರೀಕ್ಷೆ ಮತ್ತು ಅದು ತಪ್ಪಿದಾಗ ಆಗುವ ಕೇಡು ಮೂರೂ ಗೊತ್ತಾಗಿರುತ್ತವೆ.

ಪದಮೂಲ ಮತ್ತು ಸಮೀಪದ ಪದಗಳು

ಹದ ಪದದ ಹಳಗನ್ನಡ ರೂಪ ‘ಪದ’. ಪದದ ಮೊದಲಿನ ಪಕಾರ ಹಕಾರವಾಗುವ ಕನ್ನಡದ ಪ್ರಸಿದ್ಧ ಧ್ವನಿವ್ಯತ್ಯಾಸಕ್ಕೆ ಒಳಗಾಗಿ, ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಇದೂ ಹದವಾಯಿತು. ಶಬ್ದ, ಹೆಜ್ಜೆ ಎಂಬ ಅರ್ಥಗಳಿರುವ ಸಂಸ್ಕೃತದ ‘ಪದ’ಕ್ಕೂ ಇದಕ್ಕೂ ಸಂಬಂಧವಿಲ್ಲ. ತಮಿಳಿನ ‘ಪದಂ’, ತೆಲುಗಿನ ‘ಪದನು’ ಎಂಬ ರೂಪಗಳು ಇದರ ಸೋದರ ಪದಗಳಾಗಿದ್ದು, ಬರೋ ಮತ್ತು ಎಮೆನೊ ಅವರು ಸಂಪಾದಿಸಿ 1961ರಲ್ಲಿ ಮೊದಲು ಪ್ರಕಟಿಸಿದ ದ್ರಾವಿಡ ಜ್ಞಾತಿಪದಕೋಶ ಇವನ್ನು ಒಂದೇ ಗುಂಪಿನಲ್ಲಿ ಸೇರಿಸಿದೆ. ಅನ್ನ ಬೆಂದ ಸ್ಥಿತಿ, ನೆಲದ ತೇವ, ಆಯುಧದ ಹರಿತ ಎಂಬ ಅರ್ಥಗಳು ಈ ಭಾಷೆಗಳಲ್ಲಿಯೂ ಹರಡಿಕೊಂಡಿರುವುದರಿಂದ, ಹಲವು ಕಸುಬುಗಳನ್ನು ಒಂದೇ ಪದದಿಂದ ಗುರುತಿಸುವ ರೂಢಿ ಕನ್ನಡಕ್ಕಿಂತ ಹಳೆಯದೆಂದು ತಿಳಿಯಬಹುದು.

ಧ್ವನಿಯಲ್ಲಿ ಸಮೀಪವಾದ ಎರಡು ಪದಗಳನ್ನು ಹದದಿಂದ ಬೇರೆಯಾಗಿ ಇಟ್ಟುಕೊಳ್ಳಬೇಕು. ‘ಹದ್ದು ಮೀರು’ ಎಂಬಲ್ಲಿಯ ‘ಹದ್ದು’ ಎಲ್ಲೆ ಎಂಬ ಅರ್ಥದ ಅರಬ್ಬಿ ಮೂಲದ ಪದವಾಗಿದ್ದು, ಬೆಳಗಾವಿಯಂಥ ಗಡಿಸೀಮೆಯಲ್ಲಿ ಊರಿನ ಮತ್ತು ಹೊಲದ ಮೇರೆಗಳನ್ನು ಹೇಳುವಾಗ ‘ಹದ್ದಿ’ ಎಂಬ ರೂಪದಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ‘ಹದಿಹರೆಯ’ದ ‘ಹದಿ’ ಹತ್ತು ಎಂಬ ಸಂಖ್ಯೆಯಿಂದ ಬಂದದ್ದು. ಅರ್ಥದಲ್ಲಿ ಹದಕ್ಕೆ ಅತಿ ಸಮೀಪವಾದ ಪದವೆಂದರೆ ‘ಬೆದೆ’. ಬಿತ್ತಿದ ಬೀಜ ಮೊಳೆಯುವುದಕ್ಕೆ ಬೇಕಾದಷ್ಟು ತೇವವಿರುವ ನೆಲದ ಸ್ಥಿತಿಯನ್ನೂ, ಗರ್ಭಧಾರಣೆಗೆ ಸಿದ್ಧವಾದ ಹಸು ಎಮ್ಮೆಗಳ ಸ್ಥಿತಿಯನ್ನೂ ಅದು ಸೂಚಿಸುತ್ತದೆ. ಬೆದೆ ಜೀವ ಹುಟ್ಟುವ ಸಂದರ್ಭಗಳಿಗೆ ಮೀಸಲಾಗಿ ಉಳಿದರೆ, ಹದ ಮನುಷ್ಯನ ಕೈಕೆಲಸ ತಗಲುವ ಎಲ್ಲ ವಸ್ತುಗಳಿಗೂ ವ್ಯಾಪಿಸಿತು.

ಬೇಸಾಯದಲ್ಲಿ

ಬೇಸಾಯದಲ್ಲಿ ಹದವೆಂದರೆ ಮಣ್ಣು ಉಪಕರಣಕ್ಕೆ ಅಂಟದೆ, ಹೆಂಟೆಯಾಗಿ ಏಳದೆ, ಪುಡಿಪುಡಿಯಾಗಿ ಬಿಡಿಸಿಕೊಳ್ಳುವಷ್ಟು ತೇವವನ್ನು ಹೊಂದಿರುವ ಸ್ಥಿತಿ. ಮಳೆ ನಿಂತು ಹೆಚ್ಚಿನ ನೀರು ಬಸಿದುಹೋದ ಮೇಲೆ, ಮಣ್ಣಿನ ಸಣ್ಣ ರಂಧ್ರಗಳಲ್ಲಿ ನೀರೂ ದೊಡ್ಡ ರಂಧ್ರಗಳಲ್ಲಿ ಗಾಳಿಯೂ ಇರುವ ಹೊತ್ತಿನಲ್ಲಿ ಇದು ಒದಗುತ್ತದೆ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಆ ಉಂಡೆಯನ್ನು ಎದೆಯೆತ್ತರದಿಂದ ಬಿಟ್ಟರೆ ಒಡೆದು ಚೆದುರಬೇಕು ಎಂಬುದು ಒಕ್ಕಲಿಗರ ಸರಳ ಪರೀಕ್ಷೆ. ಹದ ಬರುವ ಮೊದಲೇ ರಂಟೆ ಹೊಡೆದರೆ ಮಣ್ಣು ಮಗುಚಿ ಹೆಂಟೆಗಳಾಗಿ ಒಣಗಿ ಕಲ್ಲಾಗುತ್ತದೆ, ಹದ ಹೋದ ಮೇಲೆ ಹೊಡೆದರೆ ನೆಲ ಏಳುವುದಿಲ್ಲ, ಎತ್ತುಗಳು ಮಾತ್ರ ದಣಿಯುತ್ತವೆ.

ಬೆಳಗಾವಿ ಜಿಲ್ಲೆಯ ನೆಲ ಪಶ್ಚಿಮದಿಂದ ಪೂರ್ವಕ್ಕೆ ಬೇಗ ಬದಲಾಗುವುದರಿಂದ ಹದದ ಅವಧಿಯೂ ಬದಲಾಗುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ, ಅದರ ಸಮೀಪದ ಜಾಂಬೋಟಿ ಮುಂತಾದ ಖಾನಾಪುರ ತಾಲ್ಲೂಕಿನ ಸಹ್ಯಾದ್ರಿಯ ಭಾಗಗಳಲ್ಲಿ ಮಳೆ ಭಾರಿಯಾಗಿದ್ದು, ಜಂಬಿಟ್ಟಿಗೆಯ ಮೇಲಿನ ಕೆಂಪು ಮಣ್ಣು ನೀರನ್ನು ಬೇಗ ಬಸಿದುಬಿಡುತ್ತದೆ. ಅಲ್ಲಿ ಮಳೆ ಬಿಡುವು ಕೊಟ್ಟಷ್ಟು ಹೊತ್ತು ಮಾತ್ರ ಹದದ ಅವಕಾಶ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಯ ಎರೆ ಮಣ್ಣಾದರೋ ನೀರು ಕುಡಿದು ಉಬ್ಬುವ, ಒಣಗಿದಾಗ ಬಾಯಿ ಬಿಡುವ ಜೇಡಿಯಿಂದ ಕೂಡಿದ್ದು, ಹಸಿಯಿದ್ದಾಗ ಕಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದಾಗ ಗಟ್ಟಿಯಾಗುತ್ತದೆ. ಇವೆರಡರ ನಡುವಿನ ಕಿರಿದಾದ ಅವಧಿಯಲ್ಲಿಯೇ ಕುಂಟೆಯಿಂದ ಹರಗಿ ಕೂರಿಗೆಯಿಂದ ಬಿತ್ತುವುದೆರಡೂ ಮುಗಿಯಬೇಕು. ಮಳೆಗಾಲದುದ್ದಕ್ಕೂ ನೆಲವನ್ನು ಹರಗಿ ತೇವವನ್ನು ಕಾಯ್ದುಕೊಂಡು ಹಿಂಗಾರಿ ಜೋಳವನ್ನು ಬಿತ್ತುವ ಪದ್ಧತಿ ಈ ಎರೆಯ ಹದವನ್ನು ಅರಿತದ್ದರಿಂದ ಬೆಳೆದುಬಂದದ್ದು.

ಭತ್ತದ ಬೇಸಾಯದಲ್ಲಿ ಹದದ ಎರಡು ವಿರುದ್ಧ ಅರ್ಥಗಳು ಅಕ್ಕಪಕ್ಕದ ಗದ್ದೆಗಳಲ್ಲಿಯೇ ಕಾಣಸಿಗುತ್ತವೆ. ಮುಂಗಾರಿನ ಮುಂಚಿನ ಮಳೆಗೆ ಅಥವಾ ರೋಹಿಣಿ ಮಳೆಗೆ ಒಣನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವವರಿಗೆ ಪುಡಿಯಾದ ಮಣ್ಣೇ ಹದ. ಸಸಿ ನಾಟಿ ಮಾಡುವವರಿಗೆ ನೀರು ನಿಲ್ಲಿಸಿ, ಮಣ್ಣಿನ ಕಣರಚನೆಯನ್ನು ಬೇಕೆಂದೇ ಕೆಡಿಸಿ, ನೀರು ಕೆಳಗೆ ಇಂಗದಂತೆ ತುಳಿದು ಮಾಡಿದ ಕೆಸರು ಹದ. ಒಂದೇ ಮಣ್ಣು ಒಂದು ಕೆಲಸಕ್ಕೆ ಹದವಾಗಿದ್ದು ಇನ್ನೊಂದಕ್ಕೆ ಹದಗೆಟ್ಟಿರಬಹುದಾದ ಕಾರಣ, ಹದವೆಂಬುದು ವಸ್ತುವೊಂದರ ಗುಣವಾಗಿರದೆ, ವಸ್ತುವಿಗೂ ಮಾಡಬೇಕಾದ ಕೆಲಸಕ್ಕೂ ಇರುವ ಹೊಂದಿಕೆಯಾಗಿದೆ.

ಕುಂಬಾರಿಕೆ ಮತ್ತು ಮಣ್ಣಿನ ಯಂತ್ರವಿಜ್ಞಾನದಲ್ಲಿ

ಮಲಪ್ರಭೆಯ ದಂಡೆಯ ಮೇಲಿರುವ ಖಾನಾಪುರ ಪಟ್ಟಣ ಮಣ್ಣಿನ ಪಾತ್ರೆ, ಹಂಚು ಮತ್ತು ಇಟ್ಟಂಗಿಗಳಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇಲ್ಲಿ ನೆಲೆಗೊಂಡದ್ದು ಈ ಸೀಮೆಯ ಜೇಡಿಯ ಗುಣಕ್ಕೂ ಕಸುಬಿನ ಪರಂಪರೆಗೂ ಸಂದ ಮನ್ನಣೆಯಾಗಿದೆ. ಕುಂಬಾರಿಕೆಯಲ್ಲಿ ಹದ ಒಂದೇ ಸಲಕ್ಕೆ ಬಂದು ಮುಗಿಯುವಂಥದ್ದಲ್ಲ, ಮಣ್ಣು ಹಲವು ಹದಗಳನ್ನು ಒಂದಾದ ಮೇಲೊಂದರಂತೆ ದಾಟಿ ಗಡಿಗೆಯಾಗುತ್ತದೆ. ನೆನೆಸಿ, ಸೋಸಿ, ತುಳಿದು, ಒಳಗಿನ ಗಾಳಿಗುಳ್ಳೆಗಳನ್ನು ಹೊರಹಾಕಿ ಎಲ್ಲೆಡೆ ಒಂದೇ ಸಮನಾದ ಮೆದುವನ್ನು ತರುವುದು ತಿಗರಿಯ ಹದ. ತಿಗರಿಯಿಂದ ಇಳಿಸಿದ ಪಾತ್ರೆ ನೆರಳಿನಲ್ಲಿ ಅರೆಯೊಣಗಿ, ಬಡಿದು ಹೊಟ್ಟೆಯನ್ನು ಹಿಗ್ಗಿಸಿದರೆ ಹಿಗ್ಗುವ, ಬಿಟ್ಟರೆ ಕುಸಿಯದ ಸ್ಥಿತಿಗೆ ಬರುವುದು ಬಡಿಯುವ ಹದ. ಪೂರ್ತಿ ಒಣಗಿ, ಬೆಂಕಿ ತಗಲಿದರೂ ಸಿಡಿಯದಂತಾಗುವುದು ಆವಿಗೆಯ ಹದ. ಒಣಗಿದ ಪಾತ್ರೆಯನ್ನು ನೀರಿಗೆ ಹಾಕಿದರೆ ಅದು ಕರಗಿ ಮತ್ತೆ ಜೇಡಿಯಾಗುತ್ತದೆ. ಆದರೆ ಆವಿಗೆಯಲ್ಲಿ ಶಾಖ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿ, ಜೇಡಿಯ ಕಣಗಳೊಳಗೆ ರಾಸಾಯನಿಕವಾಗಿ ಸೇರಿಕೊಂಡಿದ್ದ ನೀರು ಹೊರಟುಹೋದ ಮೇಲೆ ಹಿಂದಿರುಗುವ ದಾರಿ ಇರುವುದಿಲ್ಲ. ಬೇಸಿಗೆಯಲ್ಲಿ ನೀರನ್ನು ತಂಪಾಗಿಡುವ ಹರವಿಗಳಿಗೆ ಇನ್ನೂ ಒಂದು ಹದ ಬೇಕು. ಸುಡುವುದು ಕಡಿಮೆಯಾದರೆ ಅವು ಸೋರುತ್ತವೆ, ಅತಿಯಾದರೆ ರಂಧ್ರಗಳು ಮುಚ್ಚಿ ನೀರು ಹೊರಮೈಗೆ ಜಿನುಗಿ ಆವಿಯಾಗುವುದು ನಿಲ್ಲುತ್ತದೆ, ತಂಪೂ ಇಲ್ಲವಾಗುತ್ತದೆ.

ಕುಂಬಾರರ ಬೆರಳು ತಿಳಿದಿದ್ದ ಈ ಸ್ಥಿತಿಗಳಿಗೆ ಅಂಕಿಗಳನ್ನು ಕೊಟ್ಟ ಕೀರ್ತಿ ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಅಟರ್‌ಬರ್ಗ್ ಅವರದು. ಜೇಡಿ ನೀರಿನ ಪ್ರಮಾಣಕ್ಕೆ ತಕ್ಕಂತೆ ಘನ, ಮೆದು, ದ್ರವ ಎಂಬ ಅವಸ್ಥೆಗಳನ್ನು ದಾಟುತ್ತದೆಂದು ತೋರಿಸಿ, ಅವುಗಳ ನಡುವಿನ ಎಲ್ಲೆಗಳನ್ನು ಅವರು 1911ರಲ್ಲಿ ನಿರೂಪಿಸಿದರು. ಮುಂದೆ ಆರ್ಥರ್ ಕ್ಯಾಸಗ್ರಾಂಡೆ 1932ರಲ್ಲಿ ಅಳತೆಯ ವಿಧಾನವನ್ನು ಖಚಿತಪಡಿಸಿದರು. ಜೇಡಿಯನ್ನು ಅಂಗೈಯಡಿ ಹೊಸೆದು ಸುಮಾರು 3 ಮಿಲಿಮೀಟರ್ ದಪ್ಪದ ದಾರವಾಗಿಸಿದಾಗ ಅದು ಬಿರಿಯತೊಡಗುವ ತೇವವೇ ಮೆದುವಿನ ಕೆಳಗಿನ ಎಲ್ಲೆ. ಈ ಎಲ್ಲೆಗೂ ಜೇಡಿ ಹರಿಯತೊಡಗುವ ಮೇಲಿನ ಎಲ್ಲೆಗೂ ಇರುವ ಅಂತರವನ್ನು ಎಂಜಿನಿಯರುಗಳು ಮೆದುತ್ವದ ಸೂಚ್ಯಂಕವೆಂದು ಕರೆಯುತ್ತಾರೆ. ಕುಂಬಾರರ ಮಾತಿನಲ್ಲಿ ಹೇಳುವುದಾದರೆ ಅದು ಹದದ ಅಗಲ. ಅಮೆರಿಕದ ಎಂಜಿನಿಯರ್ ಪ್ರಾಕ್ಟರ್ 1933ರಲ್ಲಿ, ಮಣ್ಣಿನ ಏರಿಗಳನ್ನು ಒತ್ತಿ ಗಟ್ಟಿ ಮಾಡುವಾಗ ಒಂದು ನಿರ್ದಿಷ್ಟ ತೇವದಲ್ಲಿ ಮಾತ್ರ ಸಾಂದ್ರತೆ ಗರಿಷ್ಠವಾಗುತ್ತದೆಂದೂ, ಅದಕ್ಕಿಂತ ಹೆಚ್ಚಾದರೂ ಕಡಿಮೆಯಾದರೂ ಸಾಂದ್ರತೆ ಇಳಿಯುತ್ತದೆಂದೂ ತೋರಿಸಿದ್ದರಿಂದ, ರಸ್ತೆ ಮತ್ತು ಅಣೆಕಟ್ಟುಗಳ ನಿರ್ಮಾಣಕ್ಕೂ ಹದದ ಕಲ್ಪನೆ ಅಳತೆಯ ರೂಪದಲ್ಲಿ ಪ್ರವೇಶಿಸಿತು.

ಎರಕ ಮತ್ತು ಕಮ್ಮಾರಿಕೆಯಲ್ಲಿ

ಬೆಳಗಾವಿ ನಗರದ ಉದ್ಯಮಬಾಗ ಮತ್ತು ಮಚ್ಛೆಯ ಕೈಗಾರಿಕಾ ಪ್ರದೇಶಗಳು ಎರಕಹೊಯ್ಯುವ ಫೌಂಡ್ರಿಗಳಿಗೂ, ಅವನ್ನು ಅವಲಂಬಿಸಿದ ಯಂತ್ರಭಾಗಗಳ ತಯಾರಿಕೆಗೂ ಪ್ರಸಿದ್ಧವಾಗಿವೆ. ಫೌಂಡ್ರಿಯ ಅಚ್ಚಿಗೆ ಬಳಸುವ ಹಸಿ ಮರಳು ಸಿಲಿಕಾ ಮರಳು, ಬೆಂಟೊನೈಟ್ ಜೇಡಿ ಮತ್ತು ನೀರಿನ ಮಿಶ್ರಣ. ಎರಕದ ಮೇಲ್ಮೈ ನುಣುಪಾಗಲೆಂದು ಅದಕ್ಕೆ ಕಲ್ಲಿದ್ದಲಿನ ಪುಡಿಯನ್ನೂ ಸೇರಿಸುವುದುಂಟು. ಅದರಲ್ಲಿ ನೀರಿನ ಪಾಲು ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು ಮಾತ್ರ. ನೀರು ಕಡಿಮೆಯಾದರೆ ಜೇಡಿ ಮರಳಿನ ಕಣಗಳನ್ನು ಹಿಡಿದಿಡಲಾರದೆ ಅಚ್ಚಿನ ಅಂಚುಗಳು ಉದುರಿ ಎರಕದೊಳಗೆ ಸೇರುತ್ತವೆ. ನೀರು ಹೆಚ್ಚಾದರೆ, ಸುಮಾರು 1,400 ಡಿಗ್ರಿಯ ಕರಗಿದ ಕಬ್ಬಿಣ ತಗಲಿದೊಡನೆ ಹುಟ್ಟುವ ಹಬೆ ಹೊರಹೋಗಲು ದಾರಿಯಿಲ್ಲದೆ ಎರಕದೊಳಗೆ ಗಾಳಿಗುಳ್ಳೆಗಳನ್ನು ಉಳಿಸುತ್ತದೆ. ಇದಕ್ಕೂ ಮುಷ್ಟಿಯ ಪರೀಕ್ಷೆಯೇ ಉಂಟು. ಒತ್ತಿದ ಮರಳಿನ ಮೇಲೆ ಬೆರಳಿನ ಗುರುತು ಮೂಡಬೇಕು, ಆದರೆ ಕೈಗೆ ಅಂಟಬಾರದು, ಮುರಿದಾಗ ಅಂಚು ಚೂಪಾಗಿ ನಿಲ್ಲಬೇಕು. ಹೊಲದ ಪರೀಕ್ಷೆಗೂ ಇದಕ್ಕೂ ಇರುವ ಹೋಲಿಕೆ ಆಕಸ್ಮಿಕವಲ್ಲ, ಎರಡರಲ್ಲಿಯೂ ಪರೀಕ್ಷೆಗೆ ಒಳಗಾಗುವುದು ಜೇಡಿ ನೀರಿನ ಮೂಲಕ ಕಣಗಳನ್ನು ಹಿಡಿದಿಡುವ ಬಲವೇ.

ಕಮ್ಮಾರಿಕೆಯಲ್ಲಿ ಹದ ತೇವದಿಂದ ಶಾಖಕ್ಕೆ ಸರಿಯುತ್ತದೆ. ಕೆಂಪಗೆ ಕಾಯಿಸಿದ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಅದು ಬಹಳ ಗಡುಸಾಗುತ್ತದೆ, ಆದರೆ ಪೆಟ್ಟು ಬಿದ್ದರೆ ಚಿಟ್ಟನೆ ಮುರಿಯುವಷ್ಟು ಪೆಡಸೂ ಆಗುತ್ತದೆ. ಅದನ್ನು ಮತ್ತೆ ಹಿತಮಿತವಾಗಿ ಕಾಯಿಸಿ, ಗಡುಸನ್ನು ತುಸು ಬಿಟ್ಟುಕೊಟ್ಟು ಬಾಳಿಕೆಯನ್ನು ಪಡೆಯುವುದೇ ಉಕ್ಕಿಗೆ ಹದ ಕೊಡುವುದು. ಉಜ್ಜಿ ಹೊಳಪು ಮಾಡಿದ ಉಕ್ಕಿನ ಮೈಮೇಲೆ ಆಗ ಮೂಡುವ ಆಕ್ಸೈಡಿನ ತೆಳುಪರೆ ಶಾಖವನ್ನು ಬಣ್ಣದಿಂದ ತಿಳಿಸುತ್ತದೆ. ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ತಿಳಿ ಹಳದಿ, ಮುಂದೆ ಕಂದು, ನೇರಳೆ, ಸುಮಾರು 300 ಡಿಗ್ರಿಯಲ್ಲಿ ನೀಲಿ ಕಾಣಿಸುತ್ತವೆ. ಕೊರೆಯುವ ಹರಿತವಾದ ಉಪಕರಣಗಳನ್ನು ಹಳದಿಯಲ್ಲಿಯೇ ನಿಲ್ಲಿಸಬೇಕು, ಬಾಗಿ ಮರಳಬೇಕಾದ ಸ್ಪ್ರಿಂಗನ್ನು ನೀಲಿಯವರೆಗೆ ಒಯ್ಯಬೇಕು. ಹದ ಎಂಬ ಪದಕ್ಕೆ ಹರಿತ ಎಂಬ ಅರ್ಥ ಬಂದದ್ದು ಈ ಕ್ರಿಯೆಯಿಂದಲೇ ಇರಬೇಕು, ಏಕೆಂದರೆ ಸಾಣೆ ಹಿಡಿದ ಅಲಗು ನಿಲ್ಲುವುದೂ ಮಡಚುವುದೂ ಅದಕ್ಕೆ ಕೊಟ್ಟ ಹದವನ್ನೇ ಅವಲಂಬಿಸಿದೆ.

ಚರ್ಮ ಮತ್ತು ವಾದ್ಯಗಳಲ್ಲಿ

ಹಸಿ ತೊಗಲನ್ನು ಕೊಳೆಯದ, ಬಗ್ಗುವ ಚರ್ಮವಾಗಿ ಮಾರ್ಪಡಿಸುವ ಕ್ರಿಯೆಗೆ ಕನ್ನಡದಲ್ಲಿ ‘ಚರ್ಮ ಹದ ಮಾಡುವುದು’ ಎಂಬುದೇ ರೂಢಿಯ ಹೆಸರು. ಕೊಲ್ಹಾಪುರಿ ಚಪ್ಪಲಿಗೆ ದೊರೆತಿರುವ ಭೌಗೋಳಿಕ ಸೂಚಕದ ಮಾನ್ಯತೆ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಗೂ ಸಲ್ಲುತ್ತದೆ. ಅಥಣಿ, ನಿಪ್ಪಾಣಿಗಳ ಕಸುಬುದಾರರು ಈ ಪರಂಪರೆಗೆ ಸೇರಿದವರು. ಈ ಚಪ್ಪಲಿಗಳ ಚರ್ಮವನ್ನು ಸಾಂಪ್ರದಾಯಿಕವಾಗಿ ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ಜಾಲಿಯ ತೊಗಟೆ ಮತ್ತು ಸಹ್ಯಾದ್ರಿಯ ಕಾಡುಗಳಲ್ಲಿ ದೊರೆಯುವ ಅಳಲೆಕಾಯಿಯ ಒಗರು ರಸವನ್ನು ಊಡಿಸಿ ಹದ ಮಾಡುತ್ತಾರೆ. ತೊಗಲನ್ನೇ ಚೀಲದಂತೆ ಹೊಲಿದು, ಅದರೊಳಗೆ ರಸವನ್ನು ತುಂಬಿ ತೂಗುಹಾಕುವುದು ಇದರ ಒಂದು ವಿಧಾನ. ಒಗರಿನಲ್ಲಿರುವ ಟ್ಯಾನಿನ್ ತೊಗಲಿನ ನಾರುಗಳನ್ನು ಒಂದಕ್ಕೊಂದು ಬಂಧಿಸುವುದರಿಂದ, ಹಸಿಯಿದ್ದಾಗ ಸುಮಾರು 60ರಿಂದ 65 ಡಿಗ್ರಿಯಲ್ಲಿ ಕುಗ್ಗುತ್ತಿದ್ದ ತೊಗಲು ಹದವಾದ ಮೇಲೆ 75ರಿಂದ 85 ಡಿಗ್ರಿಯವರೆಗೆ ತಡೆದುಕೊಳ್ಳುತ್ತದೆ. ಅಂಚನ್ನು ಕತ್ತರಿಸಿ ನೋಡಿದಾಗ ಬಣ್ಣ ನಡುಭಾಗದವರೆಗೂ ಒಂದೇ ಸಮನಾಗಿ ಇಳಿದಿರುವುದು ಹದದ ಗುರುತು. ನಡುವೆ ಬಿಳಿಯ ಗೆರೆ ಉಳಿದಿದ್ದರೆ ಅದು ಇನ್ನೂ ಹಸಿ.

ಚರ್ಮವಾದ್ಯಗಳಲ್ಲಿ ಇದೇ ತೊಗಲಿಗೆ ಬೇರೊಂದು ಹದ ಬೇಕಾಗುತ್ತದೆ. ಗಾಳಿಯ ತೇವವನ್ನು ಹೀರಿ ಸಡಿಲವಾದ ಹಲಗಿಯನ್ನು ನುಡಿಸುವ ಮೊದಲು ಬೆಂಕಿಗೆ ಹಿಡಿದು ಕಾಸಿ, ಬಿಗಿ ಬಂದ ಮೇಲೆ ಬಾರಿಸುವುದು ಹೋಳಿ ಹುಣ್ಣಿವೆಯ ದಿನಗಳಲ್ಲಿ ಉತ್ತರ ಕರ್ನಾಟಕದ ಊರೂರಿನಲ್ಲಿಯೂ ಕಾಣುವ ದೃಶ್ಯ. ಇಲ್ಲಿ ಪರೀಕ್ಷೆ ನಡೆಸುವುದು ಕಿವಿ. ಶ್ರುತಿ ಎಂಬುದು ನಾದದ ಎತ್ತರದ ಹೆಸರು, ಹದ ಎಂಬುದು ಆ ನಾದ ಹೊರಡುವುದಕ್ಕೆ ಚರ್ಮ ಸಿದ್ಧವಾಗಿರುವ ಸ್ಥಿತಿಯ ಹೆಸರು.

ಅಡುಗೆ, ಬೆಲ್ಲ ಮತ್ತು ಔಷಧದಲ್ಲಿ

ಜಿಲ್ಲೆಯ ಕಬ್ಬಿನ ಸೀಮೆಯ ಗಾಣದ ಮನೆಗಳಲ್ಲಿ ಹದ ಅತ್ಯಂತ ಬೆಲೆಯುಳ್ಳ ಪದ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ರಸದಲ್ಲಿ ನೀರು ಕಡಿಮೆಯಾದಂತೆ ಅದರ ಕುದಿಯುವ ಶಾಖ ಏರುತ್ತಾ ಹೋಗುವುದರಿಂದ, ಶಾಖವೇ ಗಟ್ಟಿತನದ ಅಳತೆಯಾಗುತ್ತದೆ. ಸುಮಾರು 105 ಡಿಗ್ರಿಯಲ್ಲಿ ಇಳಿಸಿದರೆ ಜೋನಿಬೆಲ್ಲ, 118 ಡಿಗ್ರಿಯ ಆಸುಪಾಸಿನಲ್ಲಿ ಇಳಿಸಿದರೆ ಅಚ್ಚಿನ ಬೆಲ್ಲ ಸಿಗುತ್ತದೆ. ಗಾಣದವರು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಅದು ಕರಗದೆ ಬೆರಳಿಗೆ ಉಂಡೆಯಾಗಿ ಬಂದರೆ ‘ಹದಕ್ಕ ಬಂದೈತಿ’ ಎನ್ನುತ್ತಾರೆ. ತಡವಾದರೆ ಬೆಲ್ಲ ಸೀದು ಕಪ್ಪಾಗುತ್ತದೆ, ಬೇಗ ಇಳಿಸಿದರೆ ಮಳೆಗಾಲದಲ್ಲಿ ಕರಗಿ ನೀರೊಡೆಯುತ್ತದೆ. ನಾಗರ ಪಂಚಮಿಯ ಉಂಡಿಗಳ ಎಳೆಪಾಕದಲ್ಲಿಯೂ, ಗೋಕಾಕದ ಕರದಂಟಿನಲ್ಲಿಯೂ ಇದೇ ತತ್ವ ಕೆಲಸ ಮಾಡುತ್ತದೆ. ಬೆಳಗಾವಿಯ ಕುಂದಾದಲ್ಲಿ ಹಾಲನ್ನು ಬತ್ತಿಸಿ ಸಕ್ಕರೆ ಕೂಡಿಸಿ ಕಾಯಿಸುವಾಗ, ಹಾಲಿನ ಪ್ರೋಟೀನು ಸಕ್ಕರೆಗಳ ಸಂಯೋಗದಿಂದ ಕಂದು ಬಣ್ಣವೂ ಪರಿಮಳವೂ ಹುಟ್ಟಿ, ಹರಳುಹರಳಾದ ರಚನೆ ಮೂಡಿ, ಮಿಶ್ರಣ ಪಾತ್ರೆಯ ಬದಿಯನ್ನು ಬಿಡತೊಡಗಿದಾಗ ಹದ ಬಂದಂತೆ. ಬಣ್ಣ, ವಾಸನೆ, ಸ್ಪರ್ಶ ಮೂರೂ ಇಲ್ಲಿ ಒಟ್ಟಿಗೆ ಸಾಕ್ಷಿ ಹೇಳಬೇಕಾಗುತ್ತದೆ.

ಆಯುರ್ವೇದದ ತೈಲ ಮತ್ತು ಘೃತಗಳ ತಯಾರಿಕೆಯಲ್ಲಿ ಪಾಕವನ್ನು ಮೃದು, ಮಧ್ಯಮ, ಖರ ಎಂದು ಮೂರಾಗಿ ವಿಂಗಡಿಸಲಾಗಿದ್ದು, ಒಂದೊಂದು ಹದಕ್ಕೂ ಬೇರೆ ಬೇರೆ ಉಪಯೋಗಗಳನ್ನು ಹೇಳಲಾಗಿದೆ. ಔಷಧದ ಕಲ್ಕವನ್ನು ಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು, ಬೆಂಕಿಗೆ ಹಾಕಿದರೆ ಚಟಚಟ ಸದ್ದು ಬರಬಾರದು ಎಂಬುದು ಅಲ್ಲಿಯ ಪರೀಕ್ಷೆ. ಸದ್ದು ಬಂದರೆ ನೀರಿನಂಶ ಇನ್ನೂ ಉಳಿದಿದೆ ಎಂದರ್ಥ. ಹೊಸೆದು ನೋಡುವ ಈ ಪರೀಕ್ಷೆಗೂ ಅಟರ್‌ಬರ್ಗ್ ಅವರ ಜೇಡಿಯ ದಾರಕ್ಕೂ ಇರುವ ಸಾಮ್ಯ ಗಮನಾರ್ಹವಾದದ್ದು.

ನೆರೆಯ ಭಾಷೆಗಳ ಹೋಲಿಕೆ

ಕನ್ನಡ ಮರಾಠಿಗಳೆರಡೂ ಬಳಕೆಯಲ್ಲಿರುವ ಖಾನಾಪುರದಂಥ ಊರಿನಲ್ಲಿ ಹದದ ವ್ಯಾಪ್ತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಉಳುಮೆಗೆ ಬಂದ ನೆಲದ ಸ್ಥಿತಿಗೆ ಮರಾಠಿಯಲ್ಲಿ ‘ವಾಫಸಾ’ ಎಂದೂ, ಉಕ್ಕಿಗೆ ಹದ ಕೊಡುವುದಕ್ಕೆ ‘ಪಾಣಿ ದೇಣೆ’ ಎಂದೂ, ಚರ್ಮ ಹದ ಮಾಡುವುದಕ್ಕೆ ‘ಕಮಾವಣೆ’ ಎಂದೂ ಬೇರೆ ಬೇರೆ ಮಾತುಗಳಿವೆ. ಮರಾಠಿ ಪ್ರತಿಯೊಂದು ಕಸುಬಿನ ಪ್ರತ್ಯೇಕತೆಯನ್ನು ಹೆಸರಿಸಿದರೆ, ಕನ್ನಡ ಅವುಗಳ ನಡುವಿನ ಸಮಾನತೆಯನ್ನು ಹೆಸರಿಸಿದೆ. ದೂರದ ಇಂಗ್ಲಿಷಿನಲ್ಲಿ, ತಕ್ಕ ಪ್ರಮಾಣದಲ್ಲಿ ಬೆರೆಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ‘ಟೆಂಪರ್’ ಎಂಬ ಪದ ಉಕ್ಕು, ಜೇಡಿ, ಅಚ್ಚಿನ ಮರಳು, ಚಾಕೊಲೇಟುಗಳಿಗೆ ಮಾತ್ರವಲ್ಲದೆ ಮನುಷ್ಯನ ಮನೋಧರ್ಮಕ್ಕೂ ಸಲ್ಲುವುದು ಹದಕ್ಕೆ ಹತ್ತಿರದ ಸಮಾಂತರ.

ಸಾಮಾನ್ಯ ಲಕ್ಷಣಗಳು

ಈ ಎಲ್ಲ ಬಳಕೆಗಳಿಂದ ಹದಕ್ಕೆ ನಾಲ್ಕು ಸಾಮಾನ್ಯ ಲಕ್ಷಣಗಳನ್ನು ಹೇಳಬಹುದು. ಮೊದಲನೆಯದಾಗಿ, ಅದರ ಎರಡು ಕಡೆಗಳಲ್ಲಿಯೂ ಕೇಡಿದೆ. ಕಡಿಮೆಯಾದರೆ ಒಂದು ಬಗೆಯದು, ಹೆಚ್ಚಾದರೆ ಇನ್ನೊಂದು ಬಗೆಯದು. ಆದ್ದರಿಂದ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಅಳತೆ ಇಲ್ಲಿ ನಡೆಯುವುದಿಲ್ಲ. ಎರಡನೆಯದಾಗಿ, ಅದು ಕಾಲಕ್ಕೆ ಒಳಪಟ್ಟದ್ದು, ಬರುತ್ತದೆ ಮತ್ತು ಹೋಗುತ್ತದೆ. ‘ಹದ ಬಂತು’, ‘ಹದ ತಪ್ಪಿತು’ ಎಂಬ ನುಡಿಗಟ್ಟುಗಳು ಈ ತಿಳಿವಳಿಕೆಯನ್ನೇ ಹಿಡಿದಿಟ್ಟಿವೆ. ಮೂರನೆಯದಾಗಿ, ಅದು ಮಾಡಬೇಕಾದ ಕೆಲಸವನ್ನು ಅವಲಂಬಿಸಿದೆ. ನಾಲ್ಕನೆಯದಾಗಿ, ಅದನ್ನು ಇಂದ್ರಿಯಗಳು ನೇರವಾಗಿ ಗುರುತಿಸಬಲ್ಲವು. ಇವುಗಳೊಳಗೆ ಇನ್ನೊಂದು ಭೇದವನ್ನೂ ಕಾಣಬಹುದು. ಹೊಲದ ಮಣ್ಣು, ಹಸಿ ಜೇಡಿ, ಅಚ್ಚಿನ ಮರಳು, ಹಲಗಿಯ ಬಿಗಿ ಇವುಗಳ ಹದ ಹೋದರೂ ನೀರಿನಿಂದಲೋ ಶಾಖದಿಂದಲೋ ಮತ್ತೆ ತರಬಹುದಾದದ್ದು. ಸುಟ್ಟ ಗಡಿಗೆ, ಹದವಾದ ಚರ್ಮ, ಸೀದ ಬೆಲ್ಲಗಳಲ್ಲಿ ವಸ್ತುವಿನ ಒಳರಚನೆಯೇ ಬದಲಾಗುವುದರಿಂದ ಹಿಂದಿರುಗುವುದು ಸಾಧ್ಯವಿಲ್ಲ. ಎಷ್ಟು ಎಚ್ಚರ ಬೇಕೆಂಬುದನ್ನು ಕಸುಬುದಾರ ನಿರ್ಧರಿಸುವುದು ಈ ಭೇದವನ್ನು ಅರಿತೇ.

ಪಾರಿಭಾಷಿಕ ಅರ್ಥದಿಂದ ಸಾಮಾನ್ಯ ಭಾಷೆಗೆ ಹರಿದ ಹದ ಇಂದು ಹೆಚ್ಚಾಗಿ ಉಳಿದಿರುವುದು ತನ್ನ ನಿಷೇಧರೂಪದಲ್ಲಿ. ರಸ್ತೆ ಹದಗೆಟ್ಟಿತು, ಆರೋಗ್ಯ ಹದಗೆಟ್ಟಿತು, ಪರಿಸ್ಥಿತಿ ಹದಗೆಟ್ಟಿತು ಎಂಬ ವಾಕ್ಯಗಳು ಪತ್ರಿಕೆಗಳಲ್ಲಿ ದಿನವೂ ಕಾಣುತ್ತವೆ, ಹದವಾಗಿದೆ ಎಂಬ ಮಾತು ಮಾತ್ರ ಅಡುಗೆಮನೆ ಮತ್ತು ಹೊಲಗಳ ಆಚೆಗೆ ಅಪರೂಪವಾಗುತ್ತಿದೆ. ಪಠ್ಯಪುಸ್ತಕಗಳು ಒಂದೊಂದು ವಿಜ್ಞಾನಕ್ಕೂ ಸೂಕ್ತ ತೇವಾಂಶ, ಮೆದುತ್ವ ಮಿತಿ, ಉಷ್ಣೋಪಚಾರ ಎಂಬ ಬೇರೆ ಬೇರೆ ಪದಗಳನ್ನು ರೂಪಿಸಿಕೊಂಡಿವೆ. ಅಂಥ ಪದಗಳು ಅಳತೆಗೆ ಅಗತ್ಯವಾದವುಗಳೇ. ಆದರೆ ಅವುಗಳ ಜೊತೆಯಲ್ಲಿ ಹದವನ್ನೂ ಉಳಿಸಿಕೊಂಡರೆ, ಉದ್ಯಮಬಾಗದ ಫೌಂಡ್ರಿಯಲ್ಲಿ ಮರಳಿನ ತೇವವನ್ನು ಅಳೆಯಲು ಕಲಿಯುವ ಒಕ್ಕಲು ಮನೆತನದ ವಿದ್ಯಾರ್ಥಿಗೆ ತಾನು ಕಲಿಯುತ್ತಿರುವುದು ಅಪರಿಚಿತವಾದ ವಿಷಯವಲ್ಲ, ಮನೆಯ ಹಿರಿಯರು ಹೊಲದಲ್ಲಿ ಮುಷ್ಟಿ ಬಿಗಿದು ನೋಡುತ್ತಿದ್ದ ಪರೀಕ್ಷೆಯೇ ಎಂದು ತಿಳಿಯುತ್ತದೆ. ಒಂದು ಕಸುಬಿನ ಅರಿವನ್ನು ಇನ್ನೊಂದಕ್ಕೆ ದಾಟಿಸುವ ಈ ಶಕ್ತಿಯಿಂದಾಗಿ, ಕನ್ನಡದ ವಿಜ್ಞಾನ ಭಾಷೆಯಲ್ಲಿ ಹದಕ್ಕೆ ಖಚಿತವಾದ ಸ್ಥಾನ ಸಲ್ಲಬೇಕು.